ಸೆಲ್ಲು ಹಾಕಿದರೆ ಪಾಮ್ ಎದ್ದು ಕೂರುತ್ತದೆ, ಆದರೆ ಒಳಗಿದ್ದದ್ದು ಎಲ್ಲಿ ಹೋಯಿತು?

ಇಪ್ಪತ್ತು ವರ್ಷ ಬೀರುವಿನಲ್ಲಿ ಮಲಗಿದ್ದ ಪಾಮ್ ತ್ರೀ ಎಂಬ ಅಂಗೈ ಕಂಪ್ಯೂಟರಿಗೆ ಎರಡು ಹೊಸ ಟ್ರಿಪಲ್-ಎ ಸೆಲ್ಲು ಹಾಕಿ ಗುಂಡಿ ಒತ್ತಿದರೆ ಸಾಮಾನ್ಯವಾಗಿ ಅದು ಎದ್ದು ಕೂರುತ್ತದೆ. ಪರದೆಯ ಮೂಲೆಯಲ್ಲಿ ಗುರುತು ಮೂಡುತ್ತದೆ, ಅದರ ನಡುವೆ ಕಡ್ಡಿಯಿಂದ ಮುಟ್ಟಿ ಎನ್ನುತ್ತದೆ, ಆಮೇಲೆ ತಾರೀಖು ಕೇಳುತ್ತದೆ. ವಿಳಾಸದ ಪುಸ್ತಕ ತೆರೆದರೆ ಖಾಲಿ. ಯಂತ್ರ ಕೆಟ್ಟಿಲ್ಲ, ಅದು ಮಾಡಿದ್ದೇ ಹಾಗೆ. ಹಳೆಯ ಅಂಗೈ ಕಂಪ್ಯೂಟರುಗಳನ್ನು ಉಳಿಸಿಕೊಳ್ಳುವ ಕಷ್ಟದ ಬೇರು ಇಲ್ಲೇ ಇದೆ. ಇವು ಒಂಟಿಯಾಗಿ ಬದುಕಲೆಂದು ಹುಟ್ಟಿದ ಯಂತ್ರಗಳಲ್ಲ. ಜೊತೆಗಾರನಾದ ಮೇಜಿನ ಕಂಪ್ಯೂಟರಿನ ನಂಟು ಹೋದ ಮೇಲೆ ಇವೂ ಮೂಕವಾದವು.

1996ರಲ್ಲಿ ಯು.ಎಸ್. ರೋಬೋಟಿಕ್ಸ್ ಒಡೆತನದ ಪಾಮ್ ಕಂಪನಿ ಮೊದಲ ಪೈಲಟ್‌ಗಳನ್ನು ತಂದಾಗ ಪೈಲಟ್ 1000ದಲ್ಲಿ 128 ಕಿಲೋಬೈಟ್, ಪೈಲಟ್ 5000ದಲ್ಲಿ 512 ಕಿಲೋಬೈಟ್ ಮೆಮೊರಿ ಇತ್ತು. 16 ಮೆಗಾಹರ್ಟ್ಸ್‌ನ ಮೋಟೊರೋಲಾ ಡ್ರ್ಯಾಗನ್‌ಬಾಲ್ ಚಿಪ್, 160ಕ್ಕೆ 160 ಚುಕ್ಕಿಯ ಪರದೆ. ಡಿಸ್ಕ್ ಇಲ್ಲ. ಬರೆದದ್ದೆಲ್ಲ ರ‍್ಯಾಮ್‌ನಲ್ಲೇ ಇರುತ್ತಿತ್ತು, ಆ ರ‍್ಯಾಮ್‌ಗೆ ಸೆಲ್ಲಿನಿಂದ ಸದಾ ಒಂದಿಷ್ಟು ವಿದ್ಯುತ್ ಹೋಗುತ್ತಿರಬೇಕು. ಎರಡು ಸೆಲ್ಲಿನಲ್ಲಿ ವಾರಗಟ್ಟಲೆ ನಡೆದದ್ದೂ, ಗುಂಡಿ ಒತ್ತಿದ ತಕ್ಷಣ ತೆರೆದುಕೊಂಡದ್ದೂ ಈ ಸರಳತೆಯಿಂದಲೇ. ಸೆಲ್ಲು ಸತ್ತರೆ? ನಿಜವಾದ ಪ್ರತಿ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿದೆಯಲ್ಲ, ಅದಕ್ಕೆ ಜೋಡಿಸಿದ ತೊಟ್ಟಿಲಿನಲ್ಲಿಟ್ಟು (ಕ್ರೇಡಲ್) ಎರಡೂ ಕಡೆಯ ಮಾಹಿತಿ ಹೊಂದಿಸುವ ಹಾಟ್‌ಸಿಂಕ್ ಗುಂಡಿ ಒತ್ತಿದರೆ ಎಲ್ಲ ವಾಪಸ್ ಬರುತ್ತದೆ ಎಂಬುದು ಆಗಿನ ಲೆಕ್ಕ. ಆ ಕಾಲಕ್ಕೆ ಅದು ಒಳ್ಳೆಯ ಲೆಕ್ಕವೇ.

ಇದರಿಂದ ಇಂದಿಗೂ ಅನ್ವಯಿಸುವ ಒಂದು ಪಾಠವಿದೆ. ಕೈಗೆ ಸಿಕ್ಕ ಹಳೆಯ ಪಾಮ್‌ನಲ್ಲಿ ಇನ್ನೂ ಜೀವವಿದ್ದು, ಒಳಗೆ ಟಿಪ್ಪಣಿಗಳು ಕಾಣುತ್ತಿದ್ದರೆ ಸೆಲ್ಲು ಬದಲಿಸುವ ಮೊದಲು ಪ್ರತಿ ತೆಗೆದುಕೊಳ್ಳಿ. ಸೆಲ್ಲು ತೆಗೆದಾಗ ಮೆಮೊರಿಯನ್ನು ಹಿಡಿದಿಡುವುದು ಒಳಗಿನ ಒಂದು ಕೆಪಾಸಿಟರ್, ಹೊಸದಾಗಿದ್ದಾಗಲೇ ಅದರ ಗಡುವು ಒಂದು ನಿಮಿಷದಷ್ಟು. ಇಷ್ಟು ವರ್ಷ ಕಳೆದ ಕೆಪಾಸಿಟರನ್ನು ಅಷ್ಟಕ್ಕೂ ನಂಬುವಂತಿಲ್ಲ. ಎರಡು ಸೆಲ್ಲೂ ಸರಣಿಯಲ್ಲಿ ಜೋಡಿಸಿರುವುದರಿಂದ ಒಂದೊಂದಾಗಿ ಬದಲಿಸಿದರೂ ಉಪಯೋಗವಿಲ್ಲ.

ಪ್ರತಿ ತೆಗೆಯುವುದರಲ್ಲೂ ಒಂದು ಮೋಸವಿದೆ. ಹಾಟ್‌ಸಿಂಕ್ ಮುಗಿಯಿತು ಎಂದರೆ ಎಲ್ಲವೂ ಕಂಪ್ಯೂಟರಿಗೆ ಬಂತು ಎಂದಲ್ಲ. ದಿನಚರಿ, ವಿಳಾಸ, ಮಾಡಬೇಕಾದ ಕೆಲಸ, ಟಿಪ್ಪಣಿ, ಈ ನಾಲ್ಕಕ್ಕೆ ತಮ್ಮದೇ ಕೊಂಡಿಗಳಿದ್ದವು. ಉಳಿದ ಆ್ಯಪ್‌ಗಳ ಕಡತಗಳಲ್ಲಿ 'ಬ್ಯಾಕಪ್ ಬಿಟ್' ಹಾಕಿದ್ದರೆ ಮಾತ್ರ ನಕಲು. ಆ್ಯಪ್ ಬರೆದವರು ಆ ಒಂದು ಬಿಟ್ ಹಾಕಲು ಮರೆತಿದ್ದರೆ, ವರ್ಷಗಟ್ಟಲೆ ದಿನಾ ಹಾಟ್‌ಸಿಂಕ್ ಮಾಡಿದವರಿಗೂ ಆ ಮಾಹಿತಿ ಕಂಪ್ಯೂಟರಿನಲ್ಲಿ ಸಿಗುವುದಿಲ್ಲ. ಹಾಗಾಗಿ ಇಂದು ನಂಬಬಹುದಾದದ್ದು ಲಿನಕ್ಸ್‌ನ ಪೈಲಟ್-ಲಿಂಕ್ ಎಂಬ ತಂತ್ರಾಂಶ. ಅದರ ಪೈಲಟ್-ಎಕ್ಸ್‌ಫರ್ ಆದೇಶಕ್ಕೆ ಬ್ಯಾಕಪ್ ಆಯ್ಕೆ ಕೊಟ್ಟರೆ ಬಿಟ್ ನೋಡದೆ ರ‍್ಯಾಮ್‌ನಲ್ಲಿರುವ ಎಲ್ಲ ಕಡತಗಳನ್ನೂ ಇಳಿಸಿಕೊಳ್ಳುತ್ತದೆ. ಕಾರ್ಡ್ ಹಾಕಲು ಜಾಗವಿರುವ ಮಾದರಿಯಾದರೆ ಎನ್‌ವಿಬ್ಯಾಕಪ್ ಎಂಬ ಉಚಿತ ಆ್ಯಪ್ ಎಸ್‌ಡಿ ಕಾರ್ಡಿಗೇ ಪ್ರತಿ ಮಾಡುತ್ತದೆ. ಕಾರ್ಡು 2 ಜಿಬಿ ಅಥವಾ ಅದಕ್ಕಿಂತ ಚಿಕ್ಕದಿರಲಿ, ಫ್ಯಾಟ್-16 ರೀತಿಯಲ್ಲಿ ಫಾರ್ಮ್ಯಾಟ್ ಆಗಿರಲಿ. ಎಸ್‌ಡಿಎಚ್‌ಸಿ ಕಾರ್ಡುಗಳನ್ನು ಈ ಯಂತ್ರಗಳು ತಾವಾಗಿ ಗುರುತಿಸುವುದಿಲ್ಲ.

ಹೀಗೆ ಇಳಿಸಿಕೊಂಡ ಪಿಡಿಬಿ ಕಡತವನ್ನು (ಪಾಮ್ ಮಾಹಿತಿ ಇಡುವ ರೂಪ) ಒಮ್ಮೆ ಬೈಟುಗಳನ್ನು ಒಂದೊಂದಾಗಿ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದು ನೋಡುವುದು ಒಳ್ಳೆಯದು, ಅಷ್ಟು ಅಚ್ಚುಕಟ್ಟು ಅದು. ಮೊದಲ 32 ಬೈಟ್ ಕಡತದ ಹೆಸರು, ಟಿಪ್ಪಣಿಗಳ ಕಡತವಾದರೆ ಅಲ್ಲಿ ಮೆಮೊಡಿಬಿ ಎಂದಿರುತ್ತದೆ. 36ನೇ ಬೈಟಿನಿಂದ ಹುಟ್ಟಿದ ಸಮಯ, 1904ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಲ್ಲಿ. ಇದನ್ನು 1970ರಿಂದ ಎಣಿಸುವ ಯುನಿಕ್ಸ್ ಸಮಯಕ್ಕೆ ತರಲು 2082844800 ಕಳೆಯಬೇಕು. 60ನೇ ಬೈಟಿನಲ್ಲಿ ನಾಲ್ಕಕ್ಷರದ ಜಾತಿ, 64ರಲ್ಲಿ ನಾಲ್ಕಕ್ಷರದ ಕರ್ತೃ ಗುರುತು. 76ರಲ್ಲಿ ದಾಖಲೆಗಳೆಷ್ಟು ಎಂಬ ಸಂಖ್ಯೆ. ತಲೆಬರಹ 78 ಬೈಟಿಗೆ ಮುಗಿಯುತ್ತದೆ, ಅಲ್ಲಿಂದ ಪ್ರತಿ ದಾಖಲೆಗೂ 8 ಬೈಟಿನ ಒಂದು ಸಾಲು: ಅದು ಕಡತದಲ್ಲಿ ಎಲ್ಲಿದೆ, ಯಾವ ವಿಭಾಗದ್ದು, ಅದರ ಗುರುತಿನ ಸಂಖ್ಯೆ ಯಾವುದು. ಸಂಖ್ಯೆಗಳ ದೊಡ್ಡ ಬೈಟ್ ಮೊದಲು ಬರುತ್ತದೆ, ಇಂದಿನ ಪಿಸಿಗಳ ಕ್ರಮಕ್ಕೆ ತಿರುಗುಮುರುಗು. ಟಿಪ್ಪಣಿಯ ಪಠ್ಯ ಬರೀ ಅಕ್ಷರಗಳು, ಕೊನೆಗೊಂದು ಸೊನ್ನೆ ಬೈಟ್. ಮೂವತ್ತು ಸಾಲಿನ ಪೈಥಾನ್ ಬರೆದರೆ ಎಲ್ಲವೂ ಹೊರಬರುತ್ತದೆ. ಆರಂಭದ ಕಿಂಡಲ್‌ಗಳು ಓದುತ್ತಿದ್ದ ಮೋಬಿ ಪುಸ್ತಕಗಳ ಹೊರಕವಚವೂ ಇದೇ ಪಿಡಿಬಿ.

ಅದೇ 8 ಬೈಟಿನ ಸಾಲಿನಲ್ಲಿ ಎಚ್ಚರಿಕೆ ಕೊಡುವ ಸಂಗತಿಯೂ ಇದೆ. ಪಾಮ್‌ನಲ್ಲಿ 'ಖಾಸಗಿ' ಎಂದು ಗುರುತು ಮಾಡಿದ ಟಿಪ್ಪಣಿ ಗೂಢಲಿಪಿಗೆ ಹೋಗುತ್ತಿರಲಿಲ್ಲ. ಒಂದು ಬಿಟ್ ಮಾತ್ರ ಬದಲಾಗುತ್ತಿತ್ತು. ಬ್ಯಾಂಕಿನ ಪಿನ್, ಪಾಸ್‌ವರ್ಡ್ ಎಲ್ಲ ಕಡತದಲ್ಲಿ ಓದುವ ಹಾಗೆಯೇ ಕೂತಿವೆ. ಹಳೆಯ ಬ್ಯಾಕಪ್ ಸಿಡಿಗಳನ್ನು ಗುಜರಿಗೆ ಹಾಕುವ ಮುನ್ನ ಇದು ನೆನಪಿರಲಿ.

ಪಾಮ್ ಮತ್ತು ಮೇಜಿನ ಕಂಪ್ಯೂಟರಿನ ಜೋಡಿ ಮುರಿದದ್ದು ಕಂಪ್ಯೂಟರಿನ ಕಡೆಯಿಂದ. ಮೊದಲಿಗೆ ತೊಟ್ಟಿಲಿನಲ್ಲಿ ಒಂಬತ್ತು ಪಿನ್ನಿನ ಸೀರಿಯಲ್ ಕೊಂಡಿ ಇತ್ತು. 1999ರಲ್ಲಿ ಪಾಮ್ ಓಎಸ್ ಬಳಸುತ್ತಿದ್ದ ಹ್ಯಾಂಡ್‌ಸ್ಪ್ರಿಂಗ್ ಕಂಪನಿಯ ವೈಸರ್ ಯುಎಸ್‌ಬಿ ತಂದಿತು, ಪಾಮ್‌ನ ಮುಂದಿನ ಮಾದರಿಗಳೂ ಅದೇ ದಾರಿ ಹಿಡಿದವು. ಪಾಮ್ ಡೆಸ್ಕ್‌ಟಾಪ್ ತಂತ್ರಾಂಶ ವಿಂಡೋಸ್ ವಿಸ್ತಾ ಕಾಲದ 6.2 ಆವೃತ್ತಿಯವರೆಗೆ ಬಂದು ನಿಂತಿತು. 64 ಬಿಟ್ ವಿಂಡೋಸ್‌ಗೆ ಯುಎಸ್‌ಬಿ ಡ್ರೈವರನ್ನು ಪಾಮ್ ಕೊಡಲಿಲ್ಲ. ಅಷ್ಟರಲ್ಲಿ ಕಂಪನಿ 2009ರಲ್ಲಿ ವೆಬ್‌ಓಎಸ್ ಎಂಬ ಹೊಸ ವ್ಯವಸ್ಥೆಗೆ ಹೊರಳಿತ್ತು, 2010ರಲ್ಲಿ ಎಚ್‌ಪಿ ಅದನ್ನು ಕೊಂಡಿತು. ಲಕ್ಷಾಂತರ ಸುಸ್ಥಿತಿಯ ಯಂತ್ರಗಳ ಬಾಯಿ ಕಟ್ಟಿದ್ದು ಬರೆಯದೆ ಹೋದ ಆ ಒಂದು ಡ್ರೈವರ್. ಪಾಮ್ ಓಎಸ್ ಯಂತ್ರಗಳನ್ನು ತಯಾರಿಸುತ್ತಿದ್ದ ನ್ಯೂಜಿಲೆಂಡ್‌ನ ಅಸೀಕಾ ಕಂಪನಿ ತನ್ನ ಗ್ರಾಹಕರಿಗೆಂದು ಮಾಡಿದ 64 ಬಿಟ್ ಡ್ರೈವರ್ ಪಾಮ್‌ಗಳಿಗೂ ಹೊಂದಿತು, ವಿಂಡೋಸ್ ಬಳಸುವವರು ಇವತ್ತಿಗೂ ಅದನ್ನೇ ನೆಚ್ಚಿಕೊಂಡಿದ್ದಾರೆ.

ಜೋಡಿಸುವಾಗ ಹೆಚ್ಚಿನವರು ಎಡವುವುದು ಒಂದೇ ಕಡೆ. ಕೇಬಲ್ ಚುಚ್ಚಿದ ಮಾತ್ರಕ್ಕೆ ಪಾಮ್ ಯುಎಸ್‌ಬಿಯಲ್ಲಿ ಕಾಣಿಸುವುದಿಲ್ಲ. ಹಾಟ್‌ಸಿಂಕ್ ಗುಂಡಿ ಒತ್ತಿದ ಮೇಲೆ ಸ್ವಲ್ಪ ಹೊತ್ತು ಕಾಣಿಸಿಕೊಂಡು, ಉತ್ತರ ಬಾರದಿದ್ದರೆ ಮತ್ತೆ ಮರೆಯಾಗುತ್ತದೆ. ಡ್ರೈವರ್ ಹಾಕುವುದಿದ್ದರೆ ಮೊದಲು ಗುಂಡಿ ಒತ್ತಿ, ಅದು ಕಾಣುತ್ತಿರುವಷ್ಟರಲ್ಲಿ ಡಿವೈಸ್ ಮ್ಯಾನೇಜರಿನಲ್ಲಿ ಹಿಡಿಯಬೇಕು. ವರ್ಚುವಲ್ ಯಂತ್ರದೊಳಗೆ ವಿಂಡೋಸ್ ಎಕ್ಸ್‌ಪಿ ನಡೆಸುವವರು ಕೈಯಿಂದ ಜೋಡಿಸಲು ಹೊರಟರೆ ಸಮಯ ಸಾಲುವುದಿಲ್ಲ. ತಯಾರಕರ ಸಂಖ್ಯೆಗೆ ಮೊದಲೇ ಯುಎಸ್‌ಬಿ ಫಿಲ್ಟರ್ ಹಾಕಿಡಬೇಕು, ಪಾಮ್‌ಗೆ 0830. ಲಿನಕ್ಸ್‌ನಲ್ಲಿ ಎರಡು ದಾರಿ. ಕರ್ನಲ್‌ನ ವೈಸರ್ ಮಾಡ್ಯೂಲ್ ಎರಡು ಸೀರಿಯಲ್ ಬಾಗಿಲು ತೆರೆಯುತ್ತದೆ, ಮಾಹಿತಿ ಹರಿಯುವುದು ಸಾಮಾನ್ಯವಾಗಿ 1ನೇ ಸಂಖ್ಯೆಯದರಲ್ಲಿ, 0ಯಲ್ಲಲ್ಲ. ಇಲ್ಲವೇ ಆ ಮಾಡ್ಯೂಲನ್ನು ಬ್ಲ್ಯಾಕ್‌ಲಿಸ್ಟ್ ಮಾಡಿ ಪೈಲಟ್-ಲಿಂಕ್‌ಗೆ ನೇರ ಯುಎಸ್‌ಬಿ ಬಳಸಲು ಹೇಳಬಹುದು. ಎರಡನ್ನೂ ಒಟ್ಟಿಗೆ ಬಿಟ್ಟರೆ ಒಂದೇ ಯಂತ್ರಕ್ಕೆ ಇಬ್ಬರು ಕಿತ್ತಾಡಿ ಸಂಪರ್ಕ ಅರ್ಧಕ್ಕೇ ಕಡಿಯುತ್ತದೆ. ಆದೇಶ ಕೊಟ್ಟು, ಅದು ಕಾಯುತ್ತಿರುವಾಗ ತೊಟ್ಟಿಲಿನ ಗುಂಡಿ ಒತ್ತುವುದು ಸರಿಯಾದ ಕ್ರಮ.

ಪ್ರತಿಯನ್ನು ವಾಪಸ್ ತುಂಬುವಾಗ ಹಾಟ್‌ಸಿಂಕ್ ಬಳಕೆದಾರರ ಹೆಸರು ಅಕ್ಷರಕ್ಕೆ ಅಕ್ಷರ ಮೊದಲಿನಂತೆಯೇ ಇರಬೇಕು. ದುಡ್ಡು ಕೊಟ್ಟು ಕೊಂಡ ಎಷ್ಟೋ ಆ್ಯಪ್‌ಗಳ ನೋಂದಣಿ ಸಂಖ್ಯೆಯನ್ನು ಆ ಹೆಸರಿನಿಂದಲೇ ಲೆಕ್ಕ ಹಾಕುತ್ತಿದ್ದರು. ಹೆಸರಿನಲ್ಲಿ ಒಂದು ಚುಕ್ಕಿ ಬಿಟ್ಟುಹೋದರೂ ಆ್ಯಪ್ ಮತ್ತೆ ಪರೀಕ್ಷಾ ಅವಧಿಗೆ ಇಳಿಯುತ್ತದೆ, ಹೊಸ ಸಂಖ್ಯೆ ಕೊಡಲು ಅಂಗಡಿಯೂ ಇಲ್ಲ, ಬರೆದವರೂ ಸಿಗುವುದಿಲ್ಲ. ಇನ್ನೊಂದು ಅಪಾಯ, ಪಾಮ್ ಓಎಸ್ 4ರ ಪ್ರತಿಯನ್ನು ಹಾಗೆಯೇ 5ರ ಯಂತ್ರಕ್ಕೆ ಸುರಿಯುವುದು. 2002ರ ಟಂಗ್‌ಸ್ಟನ್ ಟಿಯಿಂದ ಚಿಪ್ಪೇ ಬದಲಾಗಿ ಎಆರ್‌ಎಂ ಆಯಿತು, ಹಳೆಯ ಆ್ಯಪ್‌ಗಳು ಒಳಗಿನ ಒಂದು ಅನುಕರಣ ಪದರದ ಮೇಲೆ ಓಡುತ್ತವೆ. ಸಾಮಾನ್ಯ ಆ್ಯಪ್‌ಗಳಿಗೆ ಅದು ಸಾಕು. ಹಳೆಯ 'ಸೇವ್ಡ್ ಪ್ರಿಫರೆನ್ಸಸ್' ಕಡತ ಮತ್ತು ವ್ಯವಸ್ಥೆಗೆ ತೇಪೆ ಹಾಕುವ ಹ್ಯಾಕ್‌ಗಳು ಮಾತ್ರ ಯಂತ್ರವನ್ನು ಮತ್ತೆ ಮತ್ತೆ ರೀಸೆಟ್ ಆಗುವ ಸುಳಿಗೆ ದೂಡುತ್ತವೆ. ಹಾಗೆ ಸಿಕ್ಕಿಬಿದ್ದರೆ ಮೇಲ್ಮುಖದ ಸ್ಕ್ರೋಲ್ ಗುಂಡಿ ಹಿಡಿದುಕೊಂಡೇ ಹಿಂಬದಿಯ ರೀಸೆಟ್ ತೂತಿಗೆ ಪಿನ್ನು ಚುಚ್ಚಿ. ಹೊರಗಿನ ಆ್ಯಪ್‌ಗಳನ್ನು ಎಬ್ಬಿಸದೆ ಯಂತ್ರ ಏಳುತ್ತದೆ, ಆಗ ತಪ್ಪಿತಸ್ಥನನ್ನು ಅಳಿಸಬಹುದು. ಪವರ್ ಗುಂಡಿ ಹಿಡಿದು ರೀಸೆಟ್ ಮಾಡುವುದು ಬೇರೆಯೇ, ಅದು ಎಲ್ಲವನ್ನೂ ಒರೆಸಿಹಾಕುವ ದಾರಿ.

ಯಂತ್ರದ ಮೈ ಕಡೆ ಬಂದರೆ ಮೊದಲ ಶತ್ರು ಒಳಗೇ ಬಿಟ್ಟ ಸೆಲ್ಲು. ಆಲ್ಕಲೈನ್ ಸೆಲ್ಲು ಸೋರಿದರೆ ಬಿಳಿ ಪುಡಿ ಕಟ್ಟುತ್ತದೆ, ಅದು ಕ್ಷಾರ. ಇಯರ್‌ಬಡ್‌ಗೆ ಒಂದೆರಡು ಹನಿ ಬಿಳಿ ವಿನೆಗರ್ ಹಾಕಿ ಲೋಹದ ಪಟ್ಟಿಗೆ ಒತ್ತಿದರೆ ನೊರೆ ಬಂದು ಕರಗುತ್ತದೆ. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಸೆಲ್ಲು ಹಾಕಿ. ಸ್ಪ್ರಿಂಗನ್ನು ಚಾಕುವಿನಿಂದ ಕೆರೆಯಬೇಡಿ, ಲೇಪ ಹೋದರೆ ಬೇಗ ತುಕ್ಕು ಹಿಡಿಯುತ್ತದೆ. ರೀಚಾರ್ಜ್ ಆಗುವ 1.2 ವೋಲ್ಟಿನ ಸೆಲ್ಲುಗಳೂ ನಡೆಯುತ್ತವೆ, ಸೂಚಕ ಮಾತ್ರ ಮೊದಲ ದಿನವೇ ಅರ್ಧ ಖಾಲಿ ಎನ್ನುತ್ತದೆ. ಕೈಬರಹದ ಜಾಗದಲ್ಲಿ ಶಾರ್ಟ್‌ಕಟ್ ಗೀಟು ಎಳೆದು, ಎರಡು ಬಾರಿ ತಟ್ಟಿ, 7 ಬರೆದರೆ ಸೆಲ್ಲಿನ ಬಗೆ ಬದಲಾಗುತ್ತದೆ. 7ರ ಬದಲು 1 ಬರೆದರೆ ಯಂತ್ರ ಡಿಬಗ್ ಸ್ಥಿತಿಗೆ ಹೋಗಿ ಸೆಲ್ಲು ಕುಡಿಯುತ್ತಾ ಕೂರುತ್ತದೆ, ಜೋಪಾನ.

ಪಾಮ್ ಫೈವ್‌ಗೆ ತಿರುಪಿಲ್ಲ. ಅದರ ಲೋಹದ ಚಿಪ್ಪನ್ನು ಅಂಟಿನಿಂದ ಮುಚ್ಚಿದ್ದಾರೆ. ಒಳಗಿನ ಬ್ಯಾಟರಿ ಬದಲಿಸಲು ಹೇರ್ ಡ್ರೈಯರಿನಲ್ಲಿ ಬಿಸಿ ಮಾಡಿ, ತೆಳುವಾದ ಪ್ಲಾಸ್ಟಿಕ್ ಹಾಕಿ ನಿಧಾನ ಬಿಡಿಸಬೇಕು. ಪರದೆ ಮುಟ್ಟಿದ್ದೊಂದು ಕಡೆ, ಗುರುತಾಗುವುದು ಇನ್ನೊಂದು ಕಡೆ ಎಂಬ ದೂರು ಎಲ್ಲ ಮಾದರಿಗಳಲ್ಲೂ ಇದೆ. ಎಷ್ಟೋ ಸಲ ಇದಕ್ಕೆ ಕಾರಣ ಚೌಕಟ್ಟಿಗೂ ಪರದೆಗೂ ನಡುವೆ ಸೇರಿದ ಧೂಳು ಅಂಚನ್ನು ಸದಾ ಒತ್ತುತ್ತಿರುವುದು. ವಿಸಿಟಿಂಗ್ ಕಾರ್ಡಿನ ಅಂಚನ್ನು ಆ ಸಂದಿಯಲ್ಲಿ ನಾಲ್ಕೂ ಕಡೆ ಎಳೆದು ಧೂಳು ತೆಗೆಯಿರಿ, ಆಮೇಲೆ ಮುಟ್ಟಿದ ಜಾಗ ಗುರುತಿಸುವ ಡಿಜಿಟೈಸರ್ ಸರಿಪಡಿಸಿ.

ಬ್ರಿಟನ್ನಿನ ಸಯಾನ್ ಕಂಪನಿಯ ಯಂತ್ರಗಳಿಗೆ ಬೇರೆಯದೇ ಕಾಯಿಲೆ. 1997ರ ಸೀರೀಸ್ 5 ತೆರೆದಾಗ ಕೀಬೋರ್ಡು ಮುಂದಕ್ಕೆ ಜಾರಿ ಬರುವ ಆ ಕೀಲು ಇಂದಿಗೂ ಬೆರಗು ಹುಟ್ಟಿಸುತ್ತದೆ, ಅದಕ್ಕೆ ಬೆಲೆ ತೆತ್ತಿದ್ದು ಪರದೆಯ ಚಪ್ಪಟೆ ಕೇಬಲ್. ತೆರೆದು ಮುಚ್ಚಿ ಅದು ಸೀಳಿದರೆ ಪರದೆಯ ಮೇಲೆ ಗೆರೆಗಳು ಮೂಡುತ್ತವೆ. ಕೇಬಲ್ ಬದಲಿಸುವುದೊಂದೇ ಪರಿಹಾರ. ಸೀರೀಸ್ 5ರಲ್ಲಿ ಎರಡು ಪೆನ್ಸಿಲ್ ಸೆಲ್ಲಿನ ಜೊತೆಗೆ ಸಿಆರ್2032 ಗುಂಡಿ ಸೆಲ್ಲೂ ಇದೆ. ಎರಡನ್ನೂ ಒಂದೇ ಹೊತ್ತಿಗೆ ತೆಗೆಯಬಾರದು.

ಯಂತ್ರವೇ ಉಳಿಯದಿದ್ದರೆ ಅದನ್ನು ತಂತ್ರಾಂಶದಲ್ಲೇ ಅನುಕರಿಸುವ ಎಮ್ಯುಲೇಟರ್. ಕೋಪೈಲಟ್ ಎಂಬ ಹಳೆಯ ಎಮ್ಯುಲೇಟರಿನಿಂದ ಬೆಳೆದ ಪಾಮ್ ಓಎಸ್ ಎಮ್ಯುಲೇಟರನ್ನು ಪಾಮ್ ಕಂಪನಿಯೇ ಮುಕ್ತ ಪರವಾನಗಿಯಲ್ಲಿ ಬಿಟ್ಟಿತ್ತು. ಆ ಮೂಲವನ್ನೇ ಹಿಡಿದು ಬಂದ ಕ್ಲೌಡ್‌ಪೈಲಟ್ ಇಂದು ಬ್ರೌಸರಿನಲ್ಲೇ ನಡೆಯುತ್ತದೆ. ಇಂಟರ್ನೆಟ್ ಆರ್ಕೈವ್ 2022ರಲ್ಲಿ ಪಾಮ್ ಆ್ಯಪ್‌ಗಳ ಸಂಗ್ರಹವನ್ನು ಆಡಿನೋಡುವಂತೆ ತೆರೆದಿಟ್ಟದ್ದು ಇದರ ಬಲದಿಂದ. ಇದಕ್ಕೆ ಯಂತ್ರದ ಮೂಲ ತಂತ್ರಾಂಶವಿರುವ ರೋಮ್ (ROM) ಚಿಪ್ಪಿನ ಪ್ರತಿ ಬೇಕು, ನಿಮ್ಮದೇ ಯಂತ್ರದಿಂದ ತೆಗೆದರೆ ಹಕ್ಕಿನ ತೊಡಕು ಕಡಿಮೆ. ಪಂಪ್ಕಿನ್‌ಓಎಸ್ ಆ ಹಂಗೂ ಬೇಡವೆಂದು ವ್ಯವಸ್ಥೆಯನ್ನೇ ಹೊಸದಾಗಿ ಬರೆಯುತ್ತಿದೆ.

ಮುಕ್ತವಾಗಿದ್ದದ್ದು ಉಳಿದುಕೊಂಡ ಉದಾಹರಣೆ ಬೆಂಗಳೂರಿನಲ್ಲೂ ಇದೆ. ಪಾಮ್‌ನ ಒಂದು ಅಕ್ಷರಕ್ಕೆ ಒಂದು ಬೈಟಿನ ವ್ಯವಸ್ಥೆಯಲ್ಲಿ ಕನ್ನಡಕ್ಕೆ ಜಾಗವಿರಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್‌ನ ಎಂಜಿನಿಯರುಗಳೂ ಸೇರಿ 2001ರಲ್ಲಿ ಮುಂದಿಟ್ಟ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರು ಲಿನಕ್ಸ್ ಮೇಲೆ ನಡೆಯುತ್ತಿತ್ತು, ಪಠ್ಯವನ್ನು ಭಾರತೀಯ ಭಾಷೆಯಲ್ಲಿ ಗಟ್ಟಿಯಾಗಿ ಓದುತ್ತಿತ್ತು. 2004ರಲ್ಲಿ ಪಿಕೋಪೆಟಾ ಮತ್ತು ಬಿಇಎಲ್ ಅದನ್ನು ಅಮಿಡಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದವು. ಯಂತ್ರ ಇಂದು ಕಾಣಸಿಗುವುದೇ ಅಪರೂಪ. ಓದುವ ಆ 'ಧ್ವನಿ' ತಂತ್ರಾಂಶದ ಮೂಲ ಮಾತ್ರ ಮುಕ್ತವಾಗಿತ್ತು, ಮುಂದೆ ಬೇರೆಯವರು ಕೈಗೆತ್ತಿಕೊಂಡು ಇನ್ನಷ್ಟು ಭಾಷೆಗಳನ್ನು ಸೇರಿಸಿದರು.

ಇಷ್ಟೆಲ್ಲ ಮಾಡಿದ ಮೇಲೂ ಉಳಿಯುವ ಪ್ರಶ್ನೆ ತಾರೀಖಿನದು. ಆ್ಯಪಲ್ 1998ರಲ್ಲಿ ಕೈಬಿಟ್ಟ ನ್ಯೂಟನ್ ಎಂಬ ಅಂಗೈ ಕಂಪ್ಯೂಟರು ಇದನ್ನು ಮೊದಲು ಎದುರಿಸಿತು. ಅದರ ಆ್ಯಪ್‌ಗಳು 1993ರಿಂದ ಸೆಕೆಂಡು ಎಣಿಸುತ್ತಿದ್ದದ್ದು 30 ಬಿಟ್ಟಿನ ಸಂಖ್ಯೆಯಲ್ಲಿ. 2010ರ ಜನವರಿ 5ರ ಸಂಜೆ 6 ಗಂಟೆ 48 ನಿಮಿಷಕ್ಕೆ ಆ ಎಣಿಕೆ ತುಂಬಿ ತುಳುಕಿತು. ಕಂಪನಿ ಕೈಬಿಟ್ಟು ಹನ್ನೆರಡು ವರ್ಷವಾಗಿದ್ದ ಯಂತ್ರಕ್ಕೆ ಬಳಕೆದಾರರಲ್ಲೊಬ್ಬರಾದ ಎಕಾರ್ಟ್ ಕೊಪ್ಪೆನ್ ತೇಪೆ ಬರೆದುಕೊಟ್ಟರು. ಪಾಮ್‌ನ ದಿನಚರಿಯಲ್ಲಿ ತಾರೀಖಿಗೆ ಎರಡೇ ಬೈಟ್: ದಿನಕ್ಕೆ 5 ಬಿಟ್, ತಿಂಗಳಿಗೆ 4, ವರ್ಷಕ್ಕೆ 7. ಎಣಿಕೆ 1904ರಿಂದ ಶುರು, 7 ಬಿಟ್ಟಿಗೆ ಹಿಡಿಸುವುದು 127ರವರೆಗಿನ ಸಂಖ್ಯೆ. ಅಲ್ಲಿಗೆ 2031 ಕೊನೆ. ಹುಟ್ಟುಹಬ್ಬವನ್ನು 'ಕೊನೆಯಿಲ್ಲದೆ ಪ್ರತಿ ವರ್ಷ' ಎಂದು ಬರೆದಿಟ್ಟಿದ್ದರೂ ಆ ಎರಡು ಬೈಟುಗಳಲ್ಲಿ 2032ನ್ನು ಬರೆಯಲು ಜಾಗವಿಲ್ಲ. ದಿನಚರಿಯನ್ನು ಇನ್ನೂ ಪಾಮ್‌ನಲ್ಲೇ ಇಟ್ಟುಕೊಂಡವರು ಲಿನಕ್ಸ್‌ನ ಜೆ-ಪೈಲಟ್ ತಂತ್ರಾಂಶದಲ್ಲಿ ತೆರೆದು ಐಕ್ಯಾಲೆಂಡರ್ ಕಡತವಾಗಿ ತೆಗೆದಿಟ್ಟುಕೊಳ್ಳಬಹುದು, ವಿಳಾಸಗಳನ್ನು ವಿಕಾರ್ಡ್ ಆಗಿ.