ಕ್ಲಿಕ್ಕಿಸಿದ ಮೇಲೂ ಬಣ್ಣ ನಿಮ್ಮ ಕೈಯಲ್ಲೇ

ಛತ್ರದ ಹಳದಿ ದೀಪದಡಿ ತೆಗೆದ ಫೋಟೊದಲ್ಲಿ ಬಿಳಿ ಪಂಚೆಯೂ ಅರಿಶಿನ ಬಣ್ಣಕ್ಕೆ ತಿರುಗಿರುತ್ತದೆ. ಸರಿಮಾಡೋಕೆ ಕಂಪ್ಯೂಟರೇ ಬೇಕು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಬೇಕಿಲ್ಲ. ಫೋಟೊ ರಾ ಫೈಲಾಗಿ, ಅಂದರೆ ಕ್ಯಾಮೆರಾ ಇನ್ನೂ ಚಿತ್ರವಾಗಿ ಮಾರ್ಪಡಿಸದ ಕಚ್ಚಾ ರೂಪದಲ್ಲಿ, ಉಳಿದಿದ್ದರೆ, ಎಷ್ಟೋ ನಿಕಾನ್, ಕ್ಯಾನನ್, ಫ್ಯೂಜಿಫಿಲ್ಮ್ ಕ್ಯಾಮೆರಾಗಳ ಒಳಗೇ ಅದನ್ನು ತಿದ್ದಬಹುದು.

ಇದು ಹೇಗೆ ಸಾಧ್ಯ? ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರಿಗೆ ತಾನಾಗಿ ಬಣ್ಣ ತಿಳಿಯುವುದಿಲ್ಲ. ತನ್ನ ಮೇಲೆ ಎಷ್ಟು ಬೆಳಕು ಬಿತ್ತು ಅನ್ನುವುದನ್ನಷ್ಟೇ ಪ್ರತಿ ಪಿಕ್ಸೆಲ್ ಅಳೆಯುತ್ತದೆ. ಅದಕ್ಕೇ ಒಂದೊಂದರ ಮೇಲೂ ಕೆಂಪು, ಹಸಿರು ಅಥವಾ ನೀಲಿಯ ಪುಟ್ಟ ಫಿಲ್ಟರ್ ಕೂರಿಸಿರುತ್ತಾರೆ. ಹೆಚ್ಚಿನ ಕ್ಯಾಮೆರಾಗಳು ಬಳಸುವ ಜೋಡಣೆಗೆ 1976ರಲ್ಲಿ ಪೇಟೆಂಟ್ ಸಿಕ್ಕಿತು. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಅದನ್ನು ರೂಪಿಸಿದವರು. ಒಟ್ಟು ಪಿಕ್ಸೆಲ್‌ಗಳಲ್ಲಿ ಅರ್ಧ ಹಸಿರಿಗೆ, ಕಾಲು ಭಾಗ ಕೆಂಪಿಗೆ, ಕಾಲು ಭಾಗ ನೀಲಿಗೆ. ನಮ್ಮ ಕಣ್ಣು ಹಸಿರಿನ ಆಸುಪಾಸಿನ ಬೆಳಕನ್ನೇ ಚೆನ್ನಾಗಿ ಗುರುತಿಸುತ್ತದೆ, ಹಾಗಾಗಿ ಹಸಿರಿಗೆ ದೊಡ್ಡ ಪಾಲು.

ರಾ ಫೈಲಿನಲ್ಲಿರುವುದು ಈ ಅಳತೆಗಳು. ಪ್ರತಿ ಪಿಕ್ಸೆಲ್‌ನಲ್ಲಿ ಇಲ್ಲದ ಎರಡು ಬಣ್ಣಗಳನ್ನು ಅಕ್ಕಪಕ್ಕದವುಗಳಿಂದ ಲೆಕ್ಕ ಹಾಕಿ ತುಂಬುವುದು ಆಮೇಲಿನ ಕೆಲಸ. ಬಿಳಿ ಬಿಳಿಯಾಗೇ ಕಾಣುವಂತೆ ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಕೂಡ ಆಮೇಲಿನದ್ದೇ. ಹಳದಿ ದೀಪದ ಬೆಳಕಿನಲ್ಲಿ ನೀಲಿ ಕಮ್ಮಿ ಇರುತ್ತದೆ, ಆದ್ದರಿಂದ ನೀಲಿಯ ಅಂಕಿಗಳನ್ನು ದೊಡ್ಡ ಸಂಖ್ಯೆಯಿಂದ ಗುಣಿಸಿದರೆ ಪಂಚೆ ಮತ್ತೆ ಬಿಳಿಯಾಗುತ್ತದೆ. ಮಾಮೂಲಿ ಫೋಟೊ ಫೈಲಾದ ಜೆಪೆಗ್‌ನಲ್ಲೂ ಇದನ್ನು ಮಾಡಬಹುದಲ್ವಾ? ಸ್ವಲ್ಪ ಮಟ್ಟಿಗೆ. ಆದರೆ ಅಲ್ಲಿ ಒಂದು ಬಣ್ಣಕ್ಕೆ 256 ಮಟ್ಟಗಳಷ್ಟೇ. 14 ಬಿಟ್ ರಾ ಫೈಲಿನಲ್ಲಿ 16,384. ಮಟ್ಟ ಕಮ್ಮಿಯಿರುವ ಕಡೆ ಜಾಸ್ತಿ ಎಳೆದಾಡಿದರೆ ಆಕಾಶದಂಥ ನುಣುಪು ಜಾಗದಲ್ಲಿ ಪಟ್ಟೆಗಳು ಏಳುತ್ತವೆ.

ಫ್ಯೂಜಿಯಲ್ಲಿ ಫಿಲ್ಮ್ ರೀಲುಗಳ ಹೆಸರಿಟ್ಟ ಬಣ್ಣದ ಶೈಲಿಗಳಿವೆ, ಒಂದೇ ರಾ ಫೈಲಿನಿಂದ ಗಾಢ ಬಣ್ಣದ ವೆಲ್ವಿಯಾ ಚಿತ್ರವನ್ನೂ ಕಪ್ಪು ಬಿಳುಪಿನ ಆಕ್ರೋಸ್ ಚಿತ್ರವನ್ನೂ ತೆಗೆಯಬಹುದು. ಪ್ರತಿ ಸಲ ಹೊಸ ಜೆಪೆಗ್ ಹುಟ್ಟುತ್ತದೆ, ಮೂಲ ಫೈಲ್ ಹಾಗೇ ಇರುತ್ತದೆ. ನನಗೆ ಈ ಸೌಲಭ್ಯದಲ್ಲಿ ತುಂಬ ಇಷ್ಟವಾಗುವುದು ಇದೇ, ಹೆದರಿಕೆಯಿಲ್ಲದೆ ಏನು ಬೇಕಾದರೂ ಮಾಡಿ ನೋಡಬಹುದು.

ಫೋಕಸ್ ತಪ್ಪಿದ್ದರೆ, ಕೈ ಅಲುಗಿದ್ದರೆ ಇದರಿಂದ ಏನೂ ಆಗದು. ಸೆನ್ಸರ್ ಹಿಡಿಯಬಲ್ಲ ಮಿತಿ ದಾಟಿದ ಬೆಳಕಿನ ವಿವರವೂ ವಾಪಸ್ ಬರುವುದಿಲ್ಲ. ಆದರೆ ಒಂದು ವಿಷಯ ನೆನಪಿರಲಿ. ಹಿಂದಿನ ಪರದೆಯಲ್ಲಿ ಕಾಣುವುದು ರಾ ಅಲ್ಲ, ಅದರೊಳಗೆ ಸೇರಿಸಿಟ್ಟ ಜೆಪೆಗ್. ಸಾಮಾನ್ಯವಾಗಿ ಹಿಸ್ಟೋಗ್ರಾಂ, ಅಂದರೆ ಫೋಟೊದ ಬೆಳಕು ನೆರಳು ಎಷ್ಟೆಷ್ಟಿದೆ ಅಂತ ತೋರಿಸುವ ನಕ್ಷೆ, ಕೂಡ ಅದರದ್ದೇ. ಮೋಡ ಬೆಳ್ಳಗೆ ಸುಟ್ಟುಹೋದ ಹಾಗೆ ಕಂಡರೂ ರಾ ಫೈಲಿನಲ್ಲಿ ಅದರ ವಿವರ ಉಳಿದಿರಬಹುದು. ಅಳಿಸುವ ಮುಂಚೆ ಕ್ಯಾಮೆರಾದ ರಾ ತಿದ್ದುವ ಮೆನುವಿನಲ್ಲಿ ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ, ಅಂದರೆ ಬೆಳಕನ್ನು ಅರ್ಧಕ್ಕೆ ತಂದು, ನೋಡಿ.