ಯಾಕ್-9ಕ್ಕೆ ಯಾವ ಬೂದು?

"ಸಾರ್, ಎರಡನೇ ಮಹಾಯುದ್ಧದ ರಷ್ಯನ್ ವಿಮಾನದ ಹಸಿರು ಯಾವ ಬಾಟಲಿಯಲ್ಲಿ ಸಿಗುತ್ತೆ?" ಆರ್ಡರ್ ಮೇಲೆ ವಿಮಾನದ ಮಾಡೆಲ್ ಕಟ್ಟಿಕೊಡುವ ನನ್ನನ್ನು ಹೊಸಬರು ಮೊದಲು ಕೇಳುವುದೇ ಇದನ್ನು. ಬಾಟಲಿ ಹೆಸರು ಹೇಳುವ ಮುಂಚೆ ನಾನು ಎರಡು ಮಾತು ಕೇಳುತ್ತೇನೆ. ಯಾವ ವರ್ಷದ ವಿಮಾನ? ಬಣ್ಣ ಹಚ್ಚುವ ಜಾಗ ಮರದ್ದೋ ಲೋಹದ್ದೋ? ಎರಡನೆಯದನ್ನು ಕೇಳಿದಾಗ ಜನ ಮುಖ ಮುಖ ನೋಡುತ್ತಾರೆ. ಕೈಯಲ್ಲಿರುವ ಕಿಟ್ ಪೂರ್ತಿ ಪ್ಲಾಸ್ಟಿಕ್ ಅಲ್ವಾ!

ಆ ಯುದ್ಧದ ಸೋವಿಯತ್ ಫೈಟರ್ ವಿಮಾನ ಯಾಕ್-9ನ್ನೇ ತೆಗೆದುಕೊಳ್ಳಿ. ಎಂಜಿನ್ ಮುಚ್ಚಿದ ಹಾಳೆಗಳು ಡ್ಯುರಾಲುಮಿನ್, ಅಂದರೆ ಅಲ್ಯೂಮಿನಿಯಂನ ಮಿಶ್ರಲೋಹ. ಅದರ ಹಿಂದೆ ಉಕ್ಕಿನ ಕೊಳವೆಗಳ ಚೌಕಟ್ಟು, ಬಾಲದ ಕಡೆಗೆ ಅದರ ಮೇಲೆ ಬಟ್ಟೆ. ರೆಕ್ಕೆಯ ಹೊದಿಕೆ ಪ್ಲೈವುಡ್. ಮರ ಮತ್ತು ಬಟ್ಟೆಗೆ ಕಾರ್ಖಾನೆಯಲ್ಲಿ ಎಎಂಟಿ ಸಾಲಿನ ನೈಟ್ರೋ (ನೈಟ್ರೋಸೆಲ್ಯುಲೋಸ್) ಬಣ್ಣ ಹೊಡೆಯುತ್ತಿದ್ದರು. ಲೋಹಕ್ಕೆ 'ಎ' ಸಾಲಿನ ಎಣ್ಣೆ ಬಣ್ಣ. ಹಸಿರು ಅಂದರೆ ಮರದ ಮೇಲೆ ಎಎಂಟಿ-4, ಲೋಹದ ಮೇಲೆ ಎ-24ಎಂ. ಲೆಕ್ಕಕ್ಕೆ ಎರಡೂ ಒಂದೇ ಹಸಿರು. ಆದರೆ ಒಳಗಿನ ಸರಕು ಬೇರೆ. ಹಾಗಾಗಿ ಎಂಜಿನ್ ಹಾಳೆಗಳಿಗೆ ಹೊಡೆಯುವಾಗ ಅದೇ ಹಸಿರಿಗೆ ಒಂದೆರಡು ಹನಿ ಬೂದು ಬೆರೆಸುತ್ತೇನೆ. ದೂರದಿಂದ ಗೊತ್ತಾಗಬಾರದು. ಹತ್ತಿರ ಬಂದರೆ 'ಇಲ್ಲೇನೋ ಬೇರೆ ಇದೆ' ಅನ್ನಿಸಬೇಕು, ಅಷ್ಟೇ.

ಇನ್ನು ವರ್ಷದ ವಿಷಯ. 1941ರಿಂದ ಫೈಟರ್‌ಗಳ ಮೇಲೆ ಹಸಿರು-ಕಪ್ಪು ಪಟ್ಟೆ, ಹೊಟ್ಟೆಗೆ ತಿಳಿನೀಲಿ. 1943ರ ಮಧ್ಯದಲ್ಲಿ ಹೊಸ ನಿಯಮ ಬಂತು. ಫೈಟರ್‌ಗಳಿಗೆ ಎರಡು ಬೂದು: ನೀಲಿ ಛಾಯೆಯ ಎಎಂಟಿ-11, ಕಡು ಬೂದು ಎಎಂಟಿ-12. ಬಾಂಬರ್‌ಗಳಿಗೆ ಮತ್ತು ಇಲ್-2ರಂಥ ದಾಳಿ ವಿಮಾನಗಳಿಗೆ ಹಸಿರು, ತಿಳಿಕಂದು, ಕಡು ಬೂದು. ಈ ಮೂರನೆಯದನ್ನು ಅನೇಕರು ಸುಮ್ನೆ ಕಪ್ಪು ಮಾಡಿಬಿಡುತ್ತಾರೆ. ಹಾಗಂತ ಹಳೆಯ ವಿಮಾನಗಳೆಲ್ಲ ರಾತ್ರೋರಾತ್ರಿ ಬದಲಾಗಲಿಲ್ಲ. ನಿಮ್ಮ ಮಾಡೆಲ್ 1943ರ ಕೊನೆಯ ತಿಂಗಳುಗಳದ್ದಾದರೆ ಆ ವಿಮಾನದ್ದೇ ಫೋಟೋ ಹುಡುಕುವುದು ಒಳ್ಳೆಯದು.

ಆ ಬಣ್ಣಗಳ ಗುಣಮಟ್ಟವಾದರೂ ಹೇಗಿತ್ತು? ಯಾಕ್‌ಗಳ ವಿನ್ಯಾಸಕ ಅಲೆಕ್ಸಾಂಡರ್ ಯಾಕೊವ್ಲೆವ್ ತಮ್ಮ ನೆನಪುಗಳಲ್ಲಿ ಒಂದು ಪ್ರಸಂಗ ಬರೆದಿದ್ದಾರೆ. 1943ರ ಜೂನ್, ಜರ್ಮನರ ವಿರುದ್ಧದ ಕುರ್ಸ್ಕ್ ಕದನಕ್ಕೆ ಒಂದು ತಿಂಗಳಿದೆ. ಸ್ಟಾಲಿನ್ ಕರೆಸಿದರು. ಮೇಜಿನ ಮೇಲೆ ಬಿರುಕುಬಿಟ್ಟ ರೆಕ್ಕೆ ಹೊದಿಕೆಯ ತುಂಡುಗಳು! ಯಾಕ್-9ಗಳ ರೆಕ್ಕೆಯ ಹೊದಿಕೆ ಹಾರಾಟದಲ್ಲೇ ಕಿತ್ತು ಬರುತ್ತಿತ್ತು. ಯುರಲ್ ಕಡೆಯ ಒಂದು ಕಾರ್ಖಾನೆ ಬದಲಿ ಸಾಮಗ್ರಿ ಹಾಕಿ ಮಾಡಿದ ನೈಟ್ರೋ ಬಣ್ಣ ಮಳೆ ಬಿಸಿಲು ತಡೆಯಲಿಲ್ಲ. ನೂರಾರು ವಿಮಾನಗಳನ್ನು ಕೆಲವೇ ವಾರಗಳಲ್ಲಿ ರಿಪೇರಿ ಮಾಡಬೇಕಾಯಿತು. ಇದನ್ನು ಓದಿದ ಮೇಲೆ 'ಈ ಒಂದೇ ಛಾಯೆ ಸರಿ' ಅಂತ ಜಗಳಕ್ಕೆ ನಿಲ್ಲುವುದನ್ನು ನಾನು ಬಿಟ್ಟಿದ್ದೇನೆ.

ನನ್ನ ಎಡವಟ್ಟು ಎಎಂಟಿ-11ರಲ್ಲಿ ಆಯಿತು. ವರ್ಷಗಳ ಹಿಂದೆ 'ರಷ್ಯನ್ ಫೈಟರ್' ಎಂದು ಬರೆದಿದ್ದ ಸೆಟ್ ತಂದು, ಬಾಟಲಿಯಲ್ಲಿದ್ದ ಹಾಗೇ ಯಾಕ್-9ಕ್ಕೆ ಹೊಡೆದೆ. ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಚೆನ್ನಾಗೇ ಕಂಡಿತು. ಬೆಳಿಗ್ಗೆ ನೋಡಿದರೆ ಆಕಾಶದ ನೀಲಿ. ಗಿರಾಕಿ ಬಂದವರು ಕೇಳಿದರು, "ಇದೇನ್ ಜರ್ಮನ್ ವಿಮಾನಾನಾ?" ಎರಡು ದಿನ ಕೂತು ಪೂರ್ತಿ ಕೆರೆದೆ. ಈಗ ಮೊದಲು ಪ್ಲಾಸ್ಟಿಕ್ ಚಮಚದ ಬೆನ್ನಿಗೆ ಹೊಡೆಯುತ್ತೇನೆ. ಪಕ್ಕದ ಇನ್ನೊಂದು ಚಮಚಕ್ಕೆ ಹೊಟ್ಟೆಯ ತಿಳಿನೀಲಿ, ಎಎಂಟಿ-7. ಬೆಳಿಗ್ಗೆ ಕಿಟಕಿ ಹತ್ತಿರ ಎರಡನ್ನೂ ಹಿಡಿದು ನೋಡುತ್ತೇನೆ. ಎಎಂಟಿ-11 ಮೊದಲು ಬೂದು ಅನ್ನಿಸಬೇಕು, ಆಮೇಲೆ ನೀಲಿ. 72ರ ಸ್ಕೇಲ್‌ನಲ್ಲಿ (ನಿಜ ವಿಮಾನದ ಅಳತೆಯ 72ರಲ್ಲಿ ಒಂದು ಪಾಲು) ಹತ್ತು ಹನಿಗೆ ಒಂದು ಹನಿ ತಿಳಿಬೂದು ಸೇರಿಸುತ್ತೇನೆ, ಇಲ್ಲದಿದ್ದರೆ ಪುಟ್ಟ ವಿಮಾನ ಜಾಸ್ತಿ ಕಪ್ಪಾಗಿ ಕಾಣುತ್ತದೆ. ಅಕಾನ್, ಎಂಆರ್‌ಪಿ, ಎಕೆ ಇವರೆಲ್ಲ ಈ ಸಂಖ್ಯೆಗಳ ಹೆಸರಲ್ಲೇ ಬಣ್ಣ ಮಾಡುತ್ತಾರೆ. ಅವೂ ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ. ಚಮಚದ ಪರೀಕ್ಷೆ ಎಲ್ಲಕ್ಕೂ ಒಂದೇ.

ಹಳೆಯ ಕಪ್ಪುಬಿಳುಪು ಫೋಟೋ ನೋಡುವಾಗ ಒಂದು ಎಚ್ಚರ. ಆರ್ಥೋಕ್ರೋಮ್ಯಾಟಿಕ್ ಫಿಲ್ಮ್‌ಗೆ ಕೆಂಪು ಕಾಣುವುದಿಲ್ಲ. ಕೆಂಪು ನಕ್ಷತ್ರ ಅದರಲ್ಲಿ ಹೆಚ್ಚುಕಡಿಮೆ ಕಪ್ಪು, ನೀಲಿ ಹೊಟ್ಟೆ ಬಿಳಿಚಿಕೊಂಡಿರುತ್ತದೆ. ಅದನ್ನು ನೋಡಿ ಬಣ್ಣ ಆರಿಸಿದರೆ ಕೆಟ್ಟಂತೆ. ಮ್ಯೂಸಿಯಂ ವಿಮಾನಗಳನ್ನೂ ನಾನು ಅಷ್ಟಾಗಿ ನಂಬುವುದಿಲ್ಲ. ಎಷ್ಟೋ ವಿಮಾನಗಳ ಮೇಲೆ ಮತ್ತೆ ಮತ್ತೆ ಬಣ್ಣ ಬಿದ್ದಿರುತ್ತದೆ.

ಕಾಕ್‌ಪಿಟ್ ವಿಷಯದಲ್ಲಿ ನಮ್ಮವರದೇ ಒಂದು ತಪ್ಪಿದೆ. ಮಿಗ್-21 ನೋಡಿ ಬೆಳೆದ ನಾವು ರಷ್ಯನ್ ಕಾಕ್‌ಪಿಟ್ ಅಂದರೆ ಆ ನೀಲಿ-ಹಸಿರು ಅಂದುಕೊಂಡಿದ್ದೇವೆ. ಅದು ಯುದ್ಧ ಮುಗಿದು ಎಷ್ಟೋ ವರ್ಷಗಳ ನಂತರದ ಬಣ್ಣ. ಯಾಕ್-9ರ ಒಳಗೆ ನಾನು ಹೊಡೆಯುವುದು ಎ-14ರ ಉಕ್ಕಿನ ಬೂದು.

ಹಿಮದಲ್ಲಿ ಕಾಣದಿರಲಿ ಅಂತ ಹೊಡೆಯುತ್ತಿದ್ದ ಚಳಿಗಾಲದ ಬಿಳಿ ಸುಲಭ. ಅದು ತೊಳೆದು ತೆಗೆಯುವ ಬಣ್ಣ, ಒರಟು, ವಿಮಾನದ ವೇಗವನ್ನೂ ತಿನ್ನುತ್ತಿತ್ತು. ಹಸಿರಿನ ಮೇಲೆ ಹೇರ್‌ಸ್ಪ್ರೇ, ಅದರ ಮೇಲೆ ಬಿಳಿ ಅಕ್ರಿಲಿಕ್. ಒಣಗಿದ ಮೇಲೆ ಒದ್ದೆ ಬ್ರಶ್‌ನಿಂದ ಪೈಲಟ್ ಹತ್ತಿ ಇಳಿಯುವ ರೆಕ್ಕೆಯ ಬುಡದಲ್ಲಿ ತಿಕ್ಕಿ. ಕೆಳಗಿನ ಹಸಿರು ಇಣುಕಿದ ತಕ್ಷಣ ಬ್ರಶ್ ಕೆಳಗಿಡಿ.