ಫ್ಲಾರೆನ್ಸಿನಲ್ಲಿ ಒಂದೂವರೆ ದಿನ: ಏನು ನೋಡುವುದು, ಏನು ಬಿಡುವುದು?

ಪ್ರಶ್ನೆ: ರೋಮಿನಿಂದ ವೆನಿಸ್‌ಗೆ ಹೋಗುವ ದಾರಿಯಲ್ಲಿ ಫ್ಲಾರೆನ್ಸಿನಲ್ಲಿ ಒಂದು ರಾತ್ರಿ ಇಳಿದುಕೊಳ್ಳುತ್ತೇವೆ. ಮೊದಲ ದಿನ ಮಧ್ಯಾಹ್ನ ತಲುಪಿ ಮರುದಿನ ಸಂಜೆ ಹೊರಡಬೇಕು. ದೊಡ್ಡ ಗುಮ್ಮಟ, ಉಫಿಜಿ ಚಿತ್ರಶಾಲೆ, ಮೈಕೆಲೇಂಜೆಲೊ ಕೆತ್ತಿದ ಡೇವಿಡ್ ಶಿಲ್ಪ ಈ ಮೂರನ್ನೂ ನೋಡಲು ಆಗುತ್ತದೆಯೇ? ನಡುವೆ ಪೀಸಾದ ವಾಲುಗೋಪುರಕ್ಕೂ ಹೋಗಿಬರಬಹುದೇ? ಜೊತೆಯಲ್ಲಿ ಮಂಡಿನೋವಿರುವ ಅಮ್ಮನೂ ಇರುತ್ತಾರೆ.

ಉತ್ತರ: ಮೂರೂ ಆಗುತ್ತದೆ. ಪೀಸಾ ಬೇಡ.

ಪೀಸಾಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆ. ನಿಲ್ದಾಣದಲ್ಲಿ ಇಳಿದು ಗೋಪುರದ ಬಳಿಗೆ ಹೋಗಲು ಮತ್ತಷ್ಟು ಹೊತ್ತು ಬೇಕು. ಹೋಗಿ, ನೋಡಿ, ಒಂದು ಫೋಟೊ ತೆಗೆದುಕೊಂಡು ಬರುವಷ್ಟರಲ್ಲಿ ಅರ್ಧ ದಿನ ಮುಗಿದಿರುತ್ತದೆ. ಇರುವುದೇ ಮೂರು ಅರ್ಧ ದಿನಗಳು. ಅದರಲ್ಲಿ ಒಂದನ್ನು ಪೀಸಾಕ್ಕೆ ಕೊಟ್ಟರೆ ಫ್ಲಾರೆನ್ಸಿನಲ್ಲಿ ಒಂದು ದೊಡ್ಡ ವಸ್ತುವನ್ನು ಕೈಬಿಡಲೇಬೇಕು. ಪೀಸಾದ ವಿಮಾನ ನಿಲ್ದಾಣದಿಂದ ಹೊರಡುವವರಾಗಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು. ವೆನಿಸ್‌ಗೆ ಹೊರಟಿರುವ ನಿಮಗೆ ಅದು ತೀರಾ ಸುತ್ತುದಾರಿ.

ಫ್ಲಾರೆನ್ಸಿನ ಹಳೆಯ ಊರು ಚಿಕ್ಕದು. ಸಾಂತಾ ಮರಿಯಾ ನೊವೆಲ್ಲಾ ರೈಲು ನಿಲ್ದಾಣದಿಂದ ಮಹಾಮಂದಿರಕ್ಕೆ, ಅಂದರೆ ಎಲ್ಲರೂ ಡುವೋಮೊ ಎಂದು ಕರೆಯುವ, ದೊಡ್ಡ ಗುಮ್ಮಟವಿರುವ ಮುಖ್ಯ ಚರ್ಚಿಗೆ, ಹತ್ತು ನಿಮಿಷದ ನಡಿಗೆ. ಅಲ್ಲಿಂದ ಉಫಿಜಿಗೂ ಹೆಚ್ಚುಕಡಿಮೆ ಅಷ್ಟೇ ದೂರ. ಉಫಿಜಿಯ ಪಕ್ಕದಲ್ಲೇ ಆರ್ನೊ ನದಿ, ನದಿಯ ಮೇಲೆ ಹಳೆಯ ಸೇತುವೆ. ಡೇವಿಡ್ ಇರುವ ಅಕಾಡೆಮಿಯಾ ಸಂಗ್ರಹಾಲಯ ಕೂಡ ಡುವೋಮೊದಿಂದ ಉತ್ತರಕ್ಕೆ ಕೆಲವೇ ನಿಮಿಷ. ಹಾಗಾಗಿ ಈ ಊರಿನಲ್ಲಿ ಹೊತ್ತು ಹೋಗುವುದು ಓಡಾಟಕ್ಕಲ್ಲ, ಸರದಿ ಸಾಲಿಗೆ. ಸಾಲನ್ನು ಮನೆಯಿಂದಲೇ ಗೆದ್ದು ಹೊರಟರೆ ಒಂದೂವರೆ ದಿನ ಧಾರಾಳ. ಇಲ್ಲವಾದರೆ ಮೂರು ದಿನವೂ ಸಾಲದು.

ಆದ್ದರಿಂದ ಹೋಟೆಲಿಗಿಂತ ಮೊದಲು ಟಿಕೆಟ್ ಕಾಯ್ದಿರಿಸಿ. ಮೂರರಲ್ಲಿ ಗುಮ್ಮಟ ಹತ್ತುವ ಟಿಕೆಟ್ಟೇ ಬೇಗ ಮುಗಿಯುತ್ತದೆ. ಅದಕ್ಕೆ ದಿನ, ಗಂಟೆ ಎರಡನ್ನೂ ಆರಿಸಬೇಕು, ಆರಿಸಿದ ಹೊತ್ತಿಗೆ ಬಾಗಿಲಲ್ಲಿ ಇರಬೇಕು. ಆಯಾ ಸಂಸ್ಥೆಯ ಅಧಿಕೃತ ಜಾಲತಾಣದಲ್ಲೇ ಕೊಳ್ಳಿ; ಹುಡುಕಿದಾಗ ಮೊದಲು ಕಾಣುವುದು ಹೆಚ್ಚಾಗಿ ಮರುಮಾರಾಟಗಾರರ ತಾಣಗಳು, ಅಲ್ಲಿ ಬೆಲೆ ಜಾಸ್ತಿ. ಉಫಿಜಿ, ಅಕಾಡೆಮಿಯಾ ಎರಡಕ್ಕೂ ಸೋಮವಾರ ರಜೆ. ನಿಮ್ಮ ಒಂದೂವರೆ ದಿನದಲ್ಲಿ ಸೋಮವಾರ ಬರುವಂತಿದ್ದರೆ ರೋಮಿನ ದಿನಗಳನ್ನು ಹಿಂದೆಮುಂದೆ ಮಾಡಿಕೊಳ್ಳಿ. ತಿಂಗಳ ಮೊದಲ ಭಾನುವಾರ ಸರ್ಕಾರಿ ಸಂಗ್ರಹಾಲಯಗಳಿಗೆ ಉಚಿತ ಪ್ರವೇಶ ಇರುತ್ತದೆ. ಉಳಿಯುವ ಹಣಕ್ಕಿಂತ ಸಾಲಿನಲ್ಲಿ ಕಳೆಯುವ ಹೊತ್ತು ನಿಮಗೆ ದುಬಾರಿ.

ಗುಮ್ಮಟವನ್ನು ಎರಡನೆಯ ದಿನ ಬೆಳಗಿನ ಮೊದಲ ಸರದಿಗೆ ಇಟ್ಟುಕೊಳ್ಳಿ. ಮೈ ಹಗುರವಾಗಿರುತ್ತದೆ, ಮೆಟ್ಟಿಲಲ್ಲಿ ನೂಕುನುಗ್ಗಲು ಕಡಿಮೆ. ಒಟ್ಟು 463 ಮೆಟ್ಟಿಲು, ಲಿಫ್ಟ್ ಇಲ್ಲ. ಇಷ್ಟು ಕಷ್ಟಪಟ್ಟು ಏಕೆ ಹತ್ತಬೇಕು? ಮೇಲಿನಿಂದ ಕಾಣುವ ಕೆಂಪು ಹೆಂಚಿನ ಊರು ಚೆಂದವೇ, ಆದರೆ ನಿಜವಾಗಿ ನೋಡಬೇಕಾದ್ದು ದಾರಿಯಲ್ಲೇ ಇದೆ.

ಈ ಮಂದಿರದ ಕೆಲಸ ಶುರುವಾದದ್ದು 1296ರಲ್ಲಿ. ನೂರು ವರ್ಷ ಕಳೆದ ಮೇಲೂ ನಡುವಿನಲ್ಲಿ ಎಂಟು ಮೂಲೆಯ ಬೃಹತ್ ಬಯಲು ಹಾಗೆಯೇ ಆಕಾಶಕ್ಕೆ ತೆರೆದಿತ್ತು. ಅಷ್ಟು ಅಗಲಕ್ಕೆ, ಅಷ್ಟು ಎತ್ತರದಲ್ಲಿ ಗುಮ್ಮಟ ಮುಚ್ಚುವುದು ಹೇಗೆಂದು ಯಾರಿಗೂ ತಿಳಿದಿರಲಿಲ್ಲ. ಸಾಮಾನ್ಯವಾಗಿ ಕಮಾನು ಕಟ್ಟುವಾಗ ಕೆಳಗಿನಿಂದ ಮರದ ಆಸರೆ ಕೊಟ್ಟು, ಗಾರೆ ಗಟ್ಟಿಯಾದ ಮೇಲೆ ಅದನ್ನು ಬಿಚ್ಚುತ್ತಾರೆ. ಇಲ್ಲಿ ಅಂಥ ಆಸರೆಗೆ ಬೇಕಾದಷ್ಟು ಮರವನ್ನು ತರುವುದೇ ದುಸ್ತರವಾಗಿತ್ತು. 1418ರಲ್ಲಿ ಸ್ಪರ್ಧೆ ಕರೆದರು. ಅಕ್ಕಸಾಲಿಗನಾಗಿ ಪಳಗಿದ್ದ ಫಿಲಿಪ್ಪೊ ಬ್ರುನೆಲ್ಲೆಸ್ಕಿ ಆಸರೆಯೇ ಇಲ್ಲದೆ ಕಟ್ಟಿ ತೋರಿಸುತ್ತೇನೆಂದು ಮುಂದೆ ಬಂದ. 1420ರಲ್ಲಿ ಆರಂಭಿಸಿ 1436ರಲ್ಲಿ ಮುಗಿಸಿದ. ಸಾಮಾನು ಮೇಲೆತ್ತಲು ಎತ್ತುಗಳು ತಿರುಗಿಸುವ ಯಂತ್ರವನ್ನೂ ಅವನೇ ರೂಪಿಸಿದ. ಭಾರ ಏರಿಸುವುದರಿಂದ ಇಳಿಸುವುದಕ್ಕೆ ಬದಲಾಯಿಸುವಾಗ ಎತ್ತುಗಳನ್ನು ಹಿಂದಕ್ಕೆ ತಿರುಗಿಸಬೇಕಿರಲಿಲ್ಲ, ಹಲ್ಲುಗಾಲಿಯನ್ನು ಬದಲಿಸಿದರೆ ಸಾಕಾಗಿತ್ತು.

ಗುಮ್ಮಟಕ್ಕೆ ಎರಡು ಪದರ. ಒಳಗಿನದು ದಪ್ಪ, ಹೊರಗಿನದು ತೆಳು. ನೀವು ಹತ್ತುವುದು ಈ ಎರಡರ ನಡುವಿನ ಸಂದಿಯಲ್ಲೇ. ಅಲ್ಲಿ ಒಂದು ಕ್ಷಣ ನಿಂತು ಗೋಡೆಯ ಇಟ್ಟಿಗೆಗಳನ್ನು ನೋಡಿ. ಅಡ್ಡಡ್ಡ ಇಟ್ಟಿಗೆಗಳ ಸಾಲಿನ ನಡುವೆ ಅಲ್ಲಲ್ಲಿ ಒಂದೊಂದು ಇಟ್ಟಿಗೆ ನೆಟ್ಟಗೆ ನಿಂತಿದೆ. ಮೇಲಿನ ಸಾಲಿನಲ್ಲಿ ಅದು ಸ್ವಲ್ಪ ಪಕ್ಕಕ್ಕೆ ಸರಿದಿದೆ, ಅದರ ಮೇಲಿನದರಲ್ಲಿ ಇನ್ನೂ ಸ್ವಲ್ಪ. ಹೀಗೆ ಮೀನಿನ ಮುಳ್ಳಿನ ವಿನ್ಯಾಸ ಓರೆಯಾಗಿ ಸುತ್ತುತ್ತ ಮೇಲೇರುತ್ತದೆ. ಗಾರೆ ಇನ್ನೂ ಹಸಿಯಾಗಿದ್ದಾಗ, ಒಳಕ್ಕೆ ಬಾಗಿದ ಗೋಡೆಯಿಂದ ಅಡ್ಡ ಇಟ್ಟಿಗೆಗಳು ಜಾರದಂತೆ ಹಿಡಿದದ್ದು ಈ ನೆಟ್ಟಗಿನ ಇಟ್ಟಿಗೆಗಳು. ಒಂದು ಸುತ್ತು ಪೂರ್ತಿಯಾದರೆ ಅದು ತನ್ನನ್ನು ತಾನೇ ಹೊತ್ತು ನಿಲ್ಲುತ್ತಿತ್ತು, ಅದರ ಮೇಲೆ ಮುಂದಿನ ಸುತ್ತು. ಆಸರೆಯಿಲ್ಲದೆ ಗುಮ್ಮಟ ಎದ್ದ ಬಗೆ ಇಲ್ಲಿ ಕೈಯಳತೆಯ ದೂರದಲ್ಲಿದೆ. ಇಟಲಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಗೋಡೆ ಇದು, ಇದರ ಮೇಲೆ ಒಂದು ಚಿತ್ರವೂ ಇಲ್ಲ.

ರೋಮಿನಲ್ಲಿ ಪ್ಯಾಂಥಿಯಾನ್ ನೋಡಿಯೇ ಬರುತ್ತೀರಿ; ಅದರ ಗುಮ್ಮಟ ಕಾಂಕ್ರೀಟಿನದು. ವಿಜಯಪುರದ ಗೋಲಗುಮ್ಮಟ ಹತ್ತಿದವರು ಅದರೊಂದಿಗೂ ಇದನ್ನು ಹೋಲಿಸಿ ನೋಡಬಹುದು. ಅಲ್ಲಿ ಚೌಕದ ಮೇಲೆ ಒಂದನ್ನೊಂದು ಕತ್ತರಿಸುವ ಕಮಾನುಗಳು, ಅವುಗಳ ಮೇಲೆ ಅರ್ಧಗೋಳದ ಗುಮ್ಮಟ. ಇಲ್ಲಿ ಎಂಟು ಮೂಲೆ, ಎರಡು ಪದರ, ಮೇಲಕ್ಕೆ ಚೂಪಾಗುವ ಆಕಾರ. ಗುಮ್ಮಟ ಎಂದರೆ ಏನೆಂದು ಚೆನ್ನಾಗಿ ಬಲ್ಲ ನಾಡಿನಿಂದ ಬಂದವರು ಇದನ್ನು ಕೆಳಗಿನಿಂದ ನೋಡಿಕೊಂಡು ಹೋಗಬಾರದು.

ಅಮ್ಮನವರು ಹತ್ತುವುದು ಬೇಡ. ಪಕ್ಕದ ಜೊಟ್ಟೊ ಗಂಟೆಗೋಪುರಕ್ಕೂ 414 ಮೆಟ್ಟಿಲು, ಅಲ್ಲಿಯೂ ಲಿಫ್ಟ್ ಇಲ್ಲ. ಅವರಿಗಾಗಿ ಮಂದಿರದ ಹಿಂಬದಿಯ ಡುವೋಮೊ ಸಂಗ್ರಹಾಲಯ ಇದೆ, ಅಲ್ಲಿ ಲಿಫ್ಟ್ ಉಂಟು. ಗುಮ್ಮಟದ ಟಿಕೆಟ್‌ನಲ್ಲಿ ಈ ಸಂಗ್ರಹಾಲಯವೂ ಸೇರಿರುತ್ತದೆ, ಅವರಿಗೆ ಗುಮ್ಮಟವಿಲ್ಲದ ಅಗ್ಗದ ಟಿಕೆಟ್ ಕೊಂಡರಾಯಿತು. ಶಿಲ್ಪಿ ಗಿಬೆರ್ಟಿ 1425ರಿಂದ 1452ರವರೆಗೆ ಮಾಡಿದ ಚಿನ್ನದ ಲೇಪದ ಕಂಚಿನ ಬಾಗಿಲು ಇರುವುದು ಇಲ್ಲಿ. ಹೊರಗೆ ಎಂಟು ಮೂಲೆಯ ದೀಕ್ಷಾಸ್ನಾನ ಮಂದಿರದ ಮುಂದೆ ಜನ ಮುತ್ತಿಕೊಂಡು ಫೋಟೊ ತೆಗೆಯುವುದು ಅದರ ನಕಲನ್ನು. ಮುಪ್ಪಿನಲ್ಲಿ ಮೈಕೆಲೇಂಜೆಲೊ ಕೆತ್ತಿ, ಮುಗಿಸದೆ ಬಿಟ್ಟ, ಸತ್ತ ಕ್ರಿಸ್ತನನ್ನು ಹಿಡಿದ ಶಿಲ್ಪವೂ ಇಲ್ಲೇ ಇದೆ. ನೀವು ಇಳಿದು ಬಂದು ಅಮ್ಮನವರನ್ನು ಇಲ್ಲಿ ಕೂಡಿಕೊಳ್ಳಿ. ಆಮೇಲೆ ಎಲ್ಲರೂ ಒಟ್ಟಿಗೆ ಮಂದಿರದ ಒಳಗೆ ಹೋಗಬಹುದು. ಅದಕ್ಕೆ ಟಿಕೆಟ್ ಇಲ್ಲ, ಆದರೆ ಭುಜ, ಮಂಡಿ ಮುಚ್ಚುವ ಉಡುಪು ಬೇಕು.

ಉಫಿಜಿಯನ್ನು ಮೊದಲ ದಿನ ಮಧ್ಯಾಹ್ನ ಮೂರರ ನಂತರಕ್ಕೆ ಇಟ್ಟುಕೊಳ್ಳಿ. ಆ ಹೊತ್ತಿಗೆ ದೊಡ್ಡ ಗುಂಪುಗಳು ಕರಗುತ್ತಿರುತ್ತವೆ. 1560ರಲ್ಲಿ ಕಟ್ಟಲು ಆರಂಭಿಸಿದಾಗ ಇದು ಮೆಡಿಚಿ ದೊರೆ ಕೊಸಿಮೊನ ಆಡಳಿತ ಕಚೇರಿಗಳ ಕಟ್ಟಡ. ಎಲ್ಲ ಕೋಣೆಗಳನ್ನೂ ನೋಡಲು ಹೊರಟರೆ ಒಂದನ್ನೂ ನೋಡಿದಂತಾಗುವುದಿಲ್ಲ. ಎರಡು ಗಂಟೆಯಲ್ಲಿ ಏಳೆಂಟು ಚಿತ್ರಗಳ ಮುಂದೆ ನಿಂತರೆ ಸಾಕು. ಆರಂಭದಲ್ಲೇ ಒಂದು ಕೋಣೆಯಲ್ಲಿ ಮೂರು ದೊಡ್ಡ ಮೇರಿ ಮಾತೆಯ ಚಿತ್ರಗಳಿವೆ: ಚಿಮಬುವೆ, ದುಚ್ಚೊ, ಜೊಟ್ಟೊ ಬರೆದವು. ಮೂರರಲ್ಲೂ ಚಿನ್ನದ ಹಿನ್ನೆಲೆ, ಸಿಂಹಾಸನದ ಮೇಲೆ ತಾಯಿ, ತೊಡೆಯ ಮೇಲೆ ಮಗು, ಸುತ್ತ ದೇವದೂತರು. ಮೂರೂ ಒಂದೇ ಎಂದು ಬಹಳ ಜನ ಹೆಸರಾಂತ ಚಿತ್ರಕಾರ ಬಾಟಿಚೆಲಿಯ ಚಿತ್ರಗಳ ಕಡೆಗೆ ಓಡುತ್ತಾರೆ. ನೀವು ಜೊಟ್ಟೊನ ಮೇರಿಯ ಮಂಡಿಗಳನ್ನು ಗಮನಿಸಿ. ಬಟ್ಟೆಯ ಅಡಿಯಲ್ಲಿ ಎರಡು ಮಂಡಿಗಳಿವೆ ಎಂದು ತಿಳಿಯುತ್ತದೆ. ಆಕೆಗೆ ಮೈತೂಕವಿದೆ, ಆಕೆ ನಿಜವಾಗಿ ಕುಳಿತಿದ್ದಾಳೆ. ಉಳಿದೆರಡರಲ್ಲಿ ಬಟ್ಟೆಯ ಮೇಲಿನ ಚಿನ್ನದ ಗೆರೆಗಳೇ ಕಣ್ಣು ತುಂಬುತ್ತವೆ. ಕೆಲವೇ ಹೆಜ್ಜೆಗಳ ಅಂತರದಲ್ಲಿ ಪಶ್ಚಿಮದ ಚಿತ್ರಕಲೆ ಯಾವ ಕಡೆಗೆ ತಿರುಗಿತು ಎಂಬುದು ಹೀಗೆ ಕಣ್ಣಿಗೇ ಕಾಣುವ ಜಾಗ ಬೇರೆಲ್ಲೂ ಸಿಗುವುದು ಕಷ್ಟ. ಅದಾದ ಮೇಲೆ ಬಾಟಿಚೆಲಿಯ ಎರಡು ದೊಡ್ಡ ಚಿತ್ರಗಳು, ಲಿಯೊನಾರ್ಡೊ, ಮೈಕೆಲೇಂಜೆಲೊನ ದುಂಡು ಚಿತ್ರ, ಕೊನೆಗೆ ಕಾರವಾಜ್ಜೊ. ಸಾಕು, ಹೊರಗೆ ಬನ್ನಿ.

ಇವೆಲ್ಲ ಇಂದಿಗೂ ಈ ಊರಿನಲ್ಲೇ ಉಳಿದಿರುವುದಕ್ಕೆ ಒಬ್ಬ ಹೆಣ್ಣುಮಗಳಿಗೆ ಕೃತಜ್ಞರಾಗಿರಬೇಕು. ಮೆಡಿಚಿ ಮನೆತನದ ಕೊನೆಯ ಕುಡಿ ಆನ್ನಾ ಮರಿಯಾ ಲೂಯಿಸಾ, 1737ರಲ್ಲಿ ಹೊಸ ದೊರೆಮನೆಯೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ ಕುಟುಂಬದ ಸಂಗ್ರಹವನ್ನೆಲ್ಲ ರಾಜ್ಯಕ್ಕೆ ಬಿಟ್ಟುಕೊಟ್ಟಳು, ಯಾವುದನ್ನೂ ಫ್ಲಾರೆನ್ಸಿನಿಂದ ಹೊರಗೆ ಸಾಗಿಸಬಾರದು ಎಂಬ ಷರತ್ತಿನ ಮೇಲೆ.

ಡೇವಿಡ್‌ಗೆ ಎರಡನೆಯ ದಿನ ಊಟದ ನಂತರ ಒಂದು ಗಂಟೆ ಸಾಕು. ಬೇರೆ ಶಿಲ್ಪಿಗಳು ಕೈಹಾಕಿ ಬಿಟ್ಟಿದ್ದ, ವರ್ಷಗಟ್ಟಲೆ ಹೊರಗೆ ಬಿದ್ದಿದ್ದ ಅಮೃತಶಿಲೆಯ ಬಂಡೆ ಅದು. 1501ರಲ್ಲಿ 26ರ ಹರೆಯದ ಮೈಕೆಲೇಂಜೆಲೊ ಅದನ್ನು ಕೈಗೆತ್ತಿಕೊಂಡು 1504ರಲ್ಲಿ ಮುಗಿಸಿದ. ಎತ್ತರ 5.17 ಮೀಟರ್. ಮೊದಲು ಸಿನ್ಯೋರಿಯಾ ಚೌಕದಲ್ಲಿ ನಿಂತಿದ್ದ ಮೂರ್ತಿಯನ್ನು 1873ರಲ್ಲಿ ಒಳಗೆ ತಂದರು. ಈಗ ಚೌಕದಲ್ಲಿ ಇರುವುದು ಪ್ರತಿಕೃತಿ. ಡೇವಿಡ್ ಕಡೆಗೆ ನಡೆಯುವ ಹಾದಿಯ ಎರಡೂ ಬದಿಗೆ, ಕಲ್ಲಿನಿಂದ ಅರ್ಧ ಮಾತ್ರ ಹೊರಬಂದ ಸೆರೆಯಾಳುಗಳ ಶಿಲ್ಪಗಳಿವೆ. ಅವುಗಳ ಮೇಲೆ ಉಳಿಯ ಗುರುತು ಇನ್ನೂ ಹಸಿಯಾಗಿರುವಂತೆ ಕಾಣುತ್ತದೆ, ಅವಸರದಲ್ಲಿ ದಾಟಬೇಡಿ. ಟಿಕೆಟ್ ಸಿಗದಿದ್ದರೆ ಹತ್ತಿರದ ಸಾನ್ ಮಾರ್ಕೊ ಸನ್ಯಾಸಿಮಠಕ್ಕೆ ಬೆಳಗಿನ ಹೊತ್ತು ಹೋಗಿ. ಸನ್ಯಾಸಿಗಳ ಒಂದೊಂದು ಕೋಣೆಯ ಗೋಡೆಯ ಮೇಲೂ ಚಿತ್ರಕಾರ ಫ್ರಾ ಆಂಜೆಲಿಕೊ ಬರೆದ ಚಿತ್ರಗಳು ಬರೆದ ಜಾಗದಲ್ಲೇ ಇವೆ.

ಮೊದಲ ದಿನದ ಸಂಜೆ ಯಾವ ಟಿಕೆಟ್ಟೂ ಬೇಡ. ಉಫಿಜಿಯಿಂದ ಹೊರಬಿದ್ದರೆ ಪೋಂಟೆ ವೆಕ್ಕಿಯೊ, 1345ರ ಸೇತುವೆ. ಅದರ ಮೇಲೆ ಒಮ್ಮೆ ಕಸಾಯಿ ಅಂಗಡಿಗಳಿದ್ದವು. 1593ರಲ್ಲಿ ಅವರನ್ನು ಎಬ್ಬಿಸಿ ಚಿನ್ನದ ವ್ಯಾಪಾರಿಗಳಿಗೆ ಜಾಗ ಕೊಟ್ಟರು. 1944ರ ಆಗಸ್ಟಿನಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಊರಿನ ಉಳಿದ ಸೇತುವೆಗಳನ್ನೆಲ್ಲ ಸಿಡಿಸಿ ಇದೊಂದನ್ನು ಬಿಟ್ಟಿತು. ಸೂರ್ಯಾಸ್ತಕ್ಕೆ ಎಲ್ಲರೂ ಪಿಯಾಜಾಲೆ ಮೈಕೆಲೇಂಜೆಲೊ ಎಂಬ ದಿಬ್ಬದ ಚೌಕಕ್ಕೆ ಹೋಗುತ್ತಾರೆ. ಬಸ್ಸು ಮೇಲಿನವರೆಗೂ ಹೋಗುತ್ತದೆ, ಅಮ್ಮನವರಿಗೆ ಅನುಕೂಲ. ಅಲ್ಲಿಂದ ಸ್ವಲ್ಪ ಮೇಲೆ, 11ನೇ ಶತಮಾನದ ಸಾನ್ ಮಿನಿಯಾಟೊ ಮಂದಿರದ ಅಂಗಳದಿಂದ ಅದೇ ನೋಟ ಸಿಗುತ್ತದೆ, ಜನ ಕಡಿಮೆ.

ಬೆಳಗಾವಿ, ನಿಪ್ಪಾಣಿ ಕಡೆಯ ಓದುಗರಿಗೆ ಒಂದು ವಿಷಯ ಹೇಳಲೇಬೇಕು. ಇಂಗ್ಲೆಂಡಿನಿಂದ ಮರಳುತ್ತಿದ್ದ ಕೊಲ್ಹಾಪುರದ ಯುವ ಮಹಾರಾಜ ರಾಜಾರಾಮ 1870ರ ನವೆಂಬರಿನಲ್ಲಿ ಫ್ಲಾರೆನ್ಸಿನಲ್ಲಿ ತೀರಿಕೊಂಡರು. ಆರ್ನೊ ಮತ್ತು ಮುನ್ಯೋನೆ ನದಿಗಳ ಸಂಗಮದಲ್ಲಿ ಹಿಂದೂ ವಿಧಿಯಂತೆ ಅವರ ದಹನ ನಡೆಯಿತು. ಅಲ್ಲಿ 1874ರಲ್ಲಿ ಛತ್ರಿಯಾಕಾರದ ಮಂಟಪದ ಅಡಿಯಲ್ಲಿ, ಬಣ್ಣದ ಪೇಟ ತೊಟ್ಟ ಅವರ ಎದೆಮಟ್ಟದ ಪ್ರತಿಮೆ ನಿಂತಿತು. ಅದು ಊರಿನ ಪಶ್ಚಿಮಕ್ಕೆ, ಕಾಶೀನೆ ಉದ್ಯಾನದ ತುತ್ತತುದಿಯಲ್ಲಿದೆ, ಹೋಗಿಬರಲು ಎರಡು ಗಂಟೆಯಾದರೂ ಬೇಕು. ಅಷ್ಟು ಬಿಡುವು ಮಾಡಿಕೊಳ್ಳಬೇಕೆಂದರೆ ಅಕಾಡೆಮಿಯಾ ಬಿಡಬೇಕಾಗುತ್ತದೆ. ಆ ಸೀಮೆಯವರಾಗಿದ್ದರೆ ಬಿಟ್ಟರೂ ನಾನು ಆಕ್ಷೇಪಿಸುವುದಿಲ್ಲ.

ಸಸ್ಯಾಹಾರಿಗಳಿಗೆ ಇಲ್ಲಿ ತೊಂದರೆಯಿಲ್ಲ. ಎಲೆಕೋಸು, ಬೀನ್ಸ್ ಕಾಳು, ಹಳೆಯ ಬ್ರೆಡ್ ಹಾಕಿ ಕುದಿಸುವ ರಿಬೊಲ್ಲಿತಾ, ಟೊಮೆಟೊ ಮತ್ತು ಬ್ರೆಡ್ಡಿನ ಪಪ್ಪಾ ಅಲ್ ಪೊಮೊದೊರೊ ಎರಡೂ ಹೊಟ್ಟೆ ತುಂಬಿಸುತ್ತವೆ. ಮಾಂಸದ ಸಾರು ಬಳಸಿದ್ದಾರೆಯೇ ಎಂದು ಮಾತ್ರ ಕೇಳಿಕೊಳ್ಳಿ. ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ, ಈ ಪ್ರದೇಶದ ಹಳೆಯ ಪದ್ಧತಿ ಅದು. ಬಿಲ್ಲಿನಲ್ಲಿ ಕೊಪೆರ್ತೊ ಎಂದು ತಲೆಗಿಷ್ಟು ಸೇರಿಸುವುದು ಮೇಜಿನ ಶುಲ್ಕ, ಮೋಸವಲ್ಲ.

ಹೊರಡುವ ದಿನ ಬೆಳಿಗ್ಗೆಯೇ ಕೋಣೆ ಖಾಲಿ ಮಾಡಿ ಪೆಟ್ಟಿಗೆಗಳನ್ನು ಹೋಟೆಲಿನಲ್ಲೋ ನಿಲ್ದಾಣದ ಸಾಮಾನು ಕೋಣೆಯಲ್ಲೋ ಬಿಡಿ. ದೊಡ್ಡ ಚೀಲ ಹೊತ್ತವರನ್ನು ಗುಮ್ಮಟಕ್ಕೆ ಬಿಡುವುದಿಲ್ಲ. ವೆನಿಸ್‌ಗೆ ವೇಗದ ರೈಲಿನಲ್ಲಿ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಸಂಜೆ ಆರರ ನಂತರದ ರೈಲಿಗೆ ಟಿಕೆಟ್ ಮಾಡಿಸಿದರೆ ಅಕಾಡೆಮಿಯಾದಿಂದ ನಿಧಾನವಾಗಿ ನಡೆದು ಬರಬಹುದು, ಅಮ್ಮನವರ ಕಾಲಿಗೂ ಅವಸರವಾಗದು.